ಆರಿದ ಕುಲುಮೆಯ ಖರೀದಿ

ಎರಡು ವರ್ಷದಿಂದ ತಣ್ಣಗೆ ಬಿದ್ದಿರುವ ಕುಲುಮೆಯ ಎದುರು ಕೂತು, ಗಾಜಿನ ಕಾರ್ಖಾನೆಯ ಯಜಮಾನರು ಬಿಸಿ ತಡೆಯಲಾರದವರ ಹಾಗೆ ಮುಖಕ್ಕೆ ಅಂಗೈ ಅಡ್ಡ ಹಿಡಿದುಕೊಂಡಿದ್ದರು.

"ಕುರ್ಚಿ ಸ್ವಲ್ಪ ಹಿಂದಕ್ಕೆ ಹಾಕ್ಕೊಳ್ಳಿ ಮೇಡಂ," ಎಂದರು ಗಟ್ಟಿ ದನಿಯಲ್ಲಿ. "ಝಳ ಜಾಸ್ತಿ."

ಝಳವೂ ಇಲ್ಲ, ಮಣ್ಣೂ ಇಲ್ಲ. ಕುಲುಮೆಯ ಬಾಯೊಳಗೆ ಬೂದಿ ಕೂಡ ಉಳಿದಿರಲಿಲ್ಲ. ನಡು ಮಧ್ಯಾಹ್ನ, ಹೊರಗೆ ರಣಬಿಸಿಲು. ಒಳಗೆ ಮಾತ್ರ ನನ್ನ ಕಾಲ್ಬೆರಳು ಮರಗಟ್ಟುವಷ್ಟು ತಂಪು. ಆದರೂ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡೆ. ಯಾಕೆ ಎಳೆದುಕೊಂಡೆನೋ ನನಗೇ ತಿಳಿಯದು.

ನನ್ನ ಪಕ್ಕದಲ್ಲಿ ಡಬ್ಬದಕ್ಕ ಕೈಚೀಲದ ಹಿಡಿ ತಿರುಚುತ್ತಾ ಕೂತಿದ್ದಳು. ರಟ್ಟಿನ ಡಬ್ಬ ಮಾಡಿ ಮಾರುವವಳು. ಈ ಕಾರ್ಖಾನೆ ನಡೆಯುತ್ತಿದ್ದಾಗ ಇಲ್ಲಿಗೆ ಬೇಕಾದ ಡಬ್ಬವೆಲ್ಲ ಅವಳದೇ. ಇಲ್ಲಿ ಖರೀದಿ ಗುಮಾಸ್ತನಾಗಿದ್ದವನು ಅವಳ ಒಬ್ಬನೇ ತಮ್ಮ, ಕುಲುಮೆ ಆರಿಸಿದ ದಿನ ಮನೆಗೆ ಬರದೆ ಹೋದವನು ಇವತ್ತಿನವರೆಗೂ ಪತ್ತೆಯಿಲ್ಲ. ನಾಳೆ ಹನ್ನೊಂದು ಗಂಟೆಗೆ ತೆರಿಗೆ ಅಧಿಕಾರಿಯ ಮುಂದೆ ಸರಿಯಾದ ಉತ್ತರ ಕೊಡದಿದ್ದರೆ ಅವಳ ಶೆಡ್ಡಿಗೆ ಬೀಗಮುದ್ರೆ. ಅವಳ ಜೊತೆಗೆ ಎಂಟು ಜನ ಕೆಲಸದವರೂ ಬೀದಿಗೆ ಬೀಳುತ್ತಾರೆ.

ಕಾನೂನು ಗೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಕೊರೆಯುವುದಿಲ್ಲ. ದೊಡ್ಡ ವ್ಯಾಪಾರಸ್ಥರು ಒಬ್ಬರ ಹತ್ತಿರ ವರ್ಷಕ್ಕೆ ಇಷ್ಟೆಂಬ ಮಿತಿ ಮೀರಿ ಸರಕು ಕೊಂಡರೆ, ಮಾರಿದವರಿಗೆ ಕೊಡುವ ಹಣದಲ್ಲಿ ಸಾವಿರಕ್ಕೆ ಒಂದರಂತೆ ತೆರಿಗೆ ಮುರಿದುಕೊಳ್ಳಬೇಕು. ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಅದನ್ನು ಮಾರಿದವರ ತೆರಿಗೆ ನಂಬರಿಗೆ ಕಟ್ಟಬೇಕು. ಕಟ್ಟಿದ ಕೂಡಲೇ ಮಾರಿದವರ ಪಟ್ಟಿಯಲ್ಲಿ ಒಂದು ಸಾಲು ಮೂಡುತ್ತದೆ: ಇಂಥವರು ನಿಮ್ಮಿಂದ ಇಷ್ಟು ಕೊಂಡರು, ನಿಮ್ಮ ಹೆಸರಲ್ಲಿ ಇಷ್ಟು ಕಟ್ಟಿದರು. ಮಿತಿ ದಾಟುವವರೆಗೂ ಸುಮ್ಮನಿರಬಹುದು. ಅಂಜುಬುರುಕ ಗುಮಾಸ್ತರು ಮೊದಲ ಬಿಲ್ಲಿನಿಂದಲೇ ಮುರಿಯುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ.

ಡಬ್ಬದಕ್ಕನ ಪಟ್ಟಿಯಲ್ಲಿ ಇಂಥ ಇಪ್ಪತ್ತಮೂರು ಸಾಲುಗಳಿದ್ದವು. ಕುಲುಮೆ ಆರಿದ ಮರುತಿಂಗಳಿನಿಂದ ಹಿಡಿದು ಮೊನ್ನೆಯವರೆಗೆ, ಒಂದು ತಿಂಗಳೂ ತಪ್ಪಿಲ್ಲ. ಹೊಗೆಯಿಲ್ಲ, ಕೆಲಸದವರಿಲ್ಲ, ಕರೆಂಟಿನ ತಂತಿಯನ್ನೂ ಕತ್ತರಿಸಿ ಹೋಗಿದ್ದಾರೆ. ಕಾರ್ಖಾನೆ ಮಾತ್ರ ಡಬ್ಬ ಕೊಳ್ಳುತ್ತಲೇ ಇತ್ತು.

ಎರಡು ಕೋಟಿಯ ಮೇಲೆ ಮಾರಾಟ ಮಾಡಿದ್ದೀಯಲ್ಲ, ಲೆಕ್ಕದಲ್ಲಿ ಯಾಕೆ ತೋರಿಸಿಲ್ಲ ಎಂದು ಇಲಾಖೆ ಕೇಳುತ್ತಿದೆ. ಒಂದು ಡಬ್ಬವನ್ನೂ ಮಾರಿಲ್ಲ ಎಂದು ಇವಳು ತಲೆ ಚಚ್ಚಿಕೊಳ್ಳುತ್ತಿದ್ದಾಳೆ. ಮಾಡಿದ ವ್ಯಾಪಾರಕ್ಕೆ ಚೀಟಿ ತೋರಿಸಬಹುದು. ಮಾಡದ ವ್ಯಾಪಾರಕ್ಕೆ ಏನು ತೋರಿಸುವುದು? ಇಪ್ಪತ್ತೆಂಟು ವರ್ಷ ಅದೇ ಇಲಾಖೆಯಲ್ಲಿ ಸವೆದವಳು ನಾನು. ಸಣ್ಣ ಮೊತ್ತವನ್ನೂ ಬಿಡುವುದಿಲ್ಲ ಎಂದು ಬೆನ್ನ ಹಿಂದೆ 'ಚಿಲ್ಲರೆ ಮೇಡಂ' ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೈಕಟ್ಟಿ ಕೂರಲಾರದೆ ಈ ಪತ್ತೆಯ ಕೆಲಸಕ್ಕೆ ಇಳಿದೆ. ಇಂಥ ವಿಚಿತ್ರವನ್ನು ಅಲ್ಲೂ ಕಂಡಿರಲಿಲ್ಲ.

ಕಾರ್ಖಾನೆಯ ಪರವಾಗಿ ತೆರಿಗೆ ಕಟ್ಟಲು ಡಿಜಿಟಲ್ ಸಹಿ ಇರುವ ಪೆನ್‌ಡ್ರೈವ್ ಬೇಕು, ಅದು ಯಾರ ಹತ್ತಿರ ಇದೆ ಎಂದು ಯಜಮಾನರನ್ನು ಕೇಳಿದೆ. ಗುಮಾಸ್ತನ ಹತ್ತಿರವೇ ಇತ್ತು, ಅವನ ಜೊತೆಗೇ ಹೋಯಿತು ಎಂದರು. ಅವರು ಮಾತಾಡುವ ರೀತಿಯೇ ನನ್ನ ಮೈ ಜುಮ್ಮೆನ್ನಿಸುತ್ತಿತ್ತು. ಉರಿಯುವ ಕುಲುಮೆಯ ಮೊರೆತವನ್ನು ಮೀರಿ ಕೇಳಿಸಬೇಕೆಂಬಂತೆ ಒಂದೊಂದು ಮಾತನ್ನೂ ಕೂಗಿ ಹೇಳುತ್ತಿದ್ದರು. ನಡುವೆ ತಡೆದು ಕಿವಿಗೊಡುತ್ತಿದ್ದರು, ಮೊರೆತ ಇಳಿಯಲಿ ಎಂದು ಕಾಯುವವರಂತೆ.

"ತಿಂಗಳು ತಿಂಗಳು ಏಳನೇ ತಾರೀಖು ನನ್ನ ಫೋನಿಗೆ ಮೆಸೇಜ್ ಬರುತ್ತೆ," ಎಂದರು. "ನಿಮ್ಮ ತೆರಿಗೆ ಸಂದಾಯವಾಗಿದೆ, ವಂದನೆಗಳು ಅಂತ. ಮೊದಮೊದಲು ನನಗೆ ಏನನ್ನಿಸ್ತಿತ್ತು ಗೊತ್ತಾ ಮೇಡಂ? ಕಾರ್ಖಾನೆ ಬದುಕಿದೆ, ಸತ್ತಿರೋದು ನಾನೇ ಅಂತ."

ಬೀದಿಯಲ್ಲಿ ಲಾರಿಯೊಂದು ಹೋಯಿತು. ಗೋಡೆಯ ಉದ್ದಕ್ಕೂ ಕಪಾಟಿನಲ್ಲಿ ಮಾರದೆ ಉಳಿದಿದ್ದ ದೀಪದ ಗಾಜುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಲಾರಿ ಹೋಗಿ ಎಷ್ಟೋ ಹೊತ್ತಾದರೂ ಆ ಸದ್ದು ಪೂರ್ತಿ ನಿಲ್ಲಲಿಲ್ಲ.

ಗೋದಾಮು ನೋಡಬೇಕು ಎಂದೆ. ಅಡ್ಡಿ ಬರುತ್ತಾರೆಂದು ಜಗಳಕ್ಕೆ ಸಜ್ಜಾಗಿದ್ದೆ. ಯಜಮಾನರು ಮರುಮಾತಿಲ್ಲದೆ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟರು.

ಗೋದಾಮಿನ ಬಾಗಿಲು ತೆರೆದಾಗ ಡಬ್ಬದಕ್ಕ ನನ್ನ ತೋಳು ಹಿಡಿದುಕೊಂಡಳು. ನೆಲದಿಂದ ತಗಡಿನ ಮಾಡಿನವರೆಗೆ ರಟ್ಟಿನ ಡಬ್ಬ. ಸಾಲು ಹಿಂದೆ ಸಾಲು, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟೇ ಜಾಗ. ಪ್ರತಿ ಡಬ್ಬದ ಬಾಯಿಗೂ ಅಂಟುಪಟ್ಟಿ, ಪ್ರತಿಯೊಂದರ ಮೇಲೂ 'ಗಾಜು, ಜೋಪಾನ' ಎಂಬ ಚೀಟಿ. ಅಂಟುಪಟ್ಟಿ ಹೊಸದು, ಒಂದಿಷ್ಟೂ ಹಳದಿಯಾಗಿರಲಿಲ್ಲ.

ಎದುರಿನ ಡಬ್ಬವನ್ನು ಬೆರಳಿನಿಂದ ಬಡಿದೆ. ಟೊಳ್ಳು ಸದ್ದು ಬಂತು. ಅದರ ಪಕ್ಕದ್ದು, ಅದರ ಮೇಲಿನದು, ಎರಡನೇ ಸಾಲಿನದು, ಎಲ್ಲವೂ ಅದೇ ಸದ್ದು. ಕೊನೆಗೆ ಒಂದನ್ನು ಕೆಳಗಿಳಿಸಿ ಅಂಟುಪಟ್ಟಿ ಕಿತ್ತೆ. ಒಳಗೆ ಗಾಳಿ, ಗಾಳಿಯಲ್ಲಿ ಹಳೆಯ ರಟ್ಟಿನ ವಾಸನೆ. ದೀಪದ ಗಾಜು ತುಂಬಿದ ಹಾಗೆ ಜೋಪಾನವಾಗಿ ಮುಚ್ಚಿಟ್ಟ ಸಾವಿರಾರು ಖಾಲಿ ಡಬ್ಬಗಳ ನಡುವೆ ನಾವಿಬ್ಬರು ಹೆಂಗಸರು ನಿಂತಿದ್ದೆವು.

ಡಬ್ಬವನ್ನು ತಿರುಗಿಸಿ ನೋಡಿದ ಡಬ್ಬದಕ್ಕ, ಇದು ತನ್ನದೇ ಎಂದಳು. ಕಾರ್ಖಾನೆ ನಡೆಯುತ್ತಿದ್ದಾಗ ಕೊಟ್ಟ ಹಳೆಯ ಮಾಲು, ಈಗ ಅವಳು ಇಷ್ಟು ದಪ್ಪದ ರಟ್ಟು ಹಾಕುವುದೇ ಇಲ್ಲವಂತೆ.

ಅಷ್ಟು ಸಾಕಾಯಿತು ನನಗೆ. ಆ ಖಾಲಿ ಡಬ್ಬವನ್ನು ಕಂಕುಳಲ್ಲಿ ಹಿಡಿದು ತಂದು ಯಜಮಾನರ ತೊಡೆಯ ಮೇಲೆ ಇಟ್ಟೆ.

"ಇದರೊಳಗಿನ ಗಾಜಿಗೆ ವಿಮೆ ಎಷ್ಟಕ್ಕೆ ಮಾಡಿಸಿದ್ದೀರಿ ಯಜಮಾನ್ರೇ?"

ಅವರು ಕುಲುಮೆಯ ಕಡೆ ಮುಖ ತಿರುಗಿಸಿದರು. ನಾನು ಬಿಡಲಿಲ್ಲ.

ವಿಮೆಯವರು ಬಂದು ಡಬ್ಬ ಎಣಿಸುತ್ತಾರೆ, ಒಂದೊಂದನ್ನೂ ಬಿಚ್ಚಿ ನೋಡುವ ತಾಳ್ಮೆ ಯಾರಿಗಿದೆ? ಆದರೆ ಕಾಗದ ಕೇಳುತ್ತಾರೆ. ಇಷ್ಟು ಗಾಜು ಮಾಡಿದಿರಿ ಎನ್ನುವುದಕ್ಕೆ ಸಾಕ್ಷಿ ಎಲ್ಲಿ? ಬಿಲ್ಲನ್ನು ಯಾರು ಬೇಕಾದರೂ ಗೀಚಬಹುದು, ನಂಬುವುದಿಲ್ಲ. ಸರ್ಕಾರದ ಪಟ್ಟಿಯಲ್ಲೇ ತಿಂಗಳು ತಿಂಗಳು ಡಬ್ಬದ ಖರೀದಿ ಕಾಣಿಸಿದರೆ ಮಾತ್ರ ನಂಬದೆ ವಿಧಿಯಿಲ್ಲ. ತುಂಬಲು ಗಾಜಿಲ್ಲದಿದ್ದರೆ ಯಾರಾದರೂ ಇಷ್ಟು ಡಬ್ಬ ಕೊಳ್ಳುತ್ತಾರೆಯೇ? ಕೊಳ್ಳದ ಸರಕಿಗೆ ಬೆಲೆ ಕೊಡಬೇಕಿಲ್ಲ, ಸಾವಿರಕ್ಕೆ ಒಂದರಂತೆ ತೆರಿಗೆ ಕಟ್ಟಿದರೆ ಆಯಿತು. ತಿಂಗಳಿಗೆ ಸಾವಿರ ಖರ್ಚು ಮಾಡಿ ಹತ್ತು ಲಕ್ಷದ ಸಾಕ್ಷಿ ಕೊಂಡಿದ್ದಾರೆ. ಇಷ್ಟು ಅಗ್ಗದ ಸಾಕ್ಷಿಯನ್ನು ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ. ಮಾಡಿದವನ ತಲೆಗೆ ಒಳಗೊಳಗೇ ಶಹಬ್ಬಾಸ್ ಅಂದೆ, ಹಾಳಾಗಿ ಹೋಗಲಿ.

ಇದನ್ನೆಲ್ಲ ಅವರ ಮುಖಕ್ಕೇ ಹೇಳಿದೆ. ಇನ್ನು ಗೋದಾಮಿಗೆ ಒಂದು ಕಡ್ಡಿ ಗೀರುವುದೊಂದೇ ಬಾಕಿ, ಅಲ್ಲವೇ ಎಂದೆ.

ಮುದುಕರು ಮೊದಲ ಸಲ ದನಿ ತಗ್ಗಿಸಿದರು.

"ಉಪಾಯ ನನ್ನದಲ್ಲ," ಎಂದರು. "ಆ ಹುಡುಗನದು. ಸಾಲಗಾರರು ಬಾಗಿಲಿಗೆ ಬಂದು ನಿಂತಿದ್ದರು. ಅವನಿಗೂ ಎಂಟು ತಿಂಗಳ ಸಂಬಳ ನಿಂತಿತ್ತು. ವಿಮೆ ಬಂದರೆ ಅರ್ಧರ್ಧ ಅಂತ ಮಾತಾಯ್ತು. ಯಾರದ್ದಾದರೂ ಒಂದು ನಂಬರು ಬೇಕಲ್ಲ, ಅಕ್ಕನ ನಂಬರು ಅವನಿಗೆ ಬಾಯಿಪಾಠ. ಅವಳ ಪಟ್ಟಿ ಯಾರು ನೋಡ್ತಾರೆ ಅಂದ."

ಡಬ್ಬದಕ್ಕ ಚೀಲದ ಹಿಡಿಯನ್ನು ಬಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಈಗ ಅವನು ಎಲ್ಲಿದ್ದಾನೆ ಎಂದು ಕೇಳಿದೆ. ನೋಡಿ ಎರಡು ವರ್ಷವಾಯಿತು ಎಂದರು ಯಜಮಾನರು. ಕುಲುಮೆ ಆರಿಸಿದ ದಿನ ಗುಮಾಸ್ತ ತನ್ನ ಕೋಣೆಗೆ ಬೀಗ ಹಾಕಿ, ಕೀಲಿಯನ್ನೂ ತಾನೇ ಇಟ್ಟುಕೊಂಡು, ಒಂದು ಕರಾರು ಹೇಳಿ ಹೊರಟನಂತೆ. ತಿಂಗಳ ಆರನೇ ತಾರೀಖು ಯಜಮಾನರು ತೆರಿಗೆಯ ಹಣವನ್ನೂ ಅವನ ಖರ್ಚಿಗೆ ಒಂದಿಷ್ಟನ್ನೂ ಕವರಿನಲ್ಲಿ ಹಾಕಿ ಆ ಬಾಗಿಲಿನ ಕೆಳಗೆ ತೂರಬೇಕು. ತೂರಿ, ತಿರುಗಿ ನೋಡದೆ ಮನೆಗೆ ಹೋಗಬೇಕು.

"ಏಳನೇ ತಾರೀಖು ಮೆಸೇಜ್ ಬರುತ್ತೆ. ಇಪ್ಪತ್ತಮೂರು ಸಲ ತೂರಿದ್ದೀನಿ. ಯಾರು ತಗೊಳ್ತಾರೆ ಅಂತ ಒಂದು ಸಲನೂ ನೋಡಿಲ್ಲ."

"ಬಚ್ಚಿಟ್ಟುಕೊಂಡು ನೋಡಬೇಕು ಅನ್ನಿಸಲಿಲ್ವಾ?"

"ಭಯ ಮೇಡಂ. ಬೀಗ ತೆಗೆದ ಗುರುತೇ ಇರಲ್ಲ. ಯಾರೂ ಬರದೆ ಹೋದರೆ, ಆದರೂ ಕವರು ಇಲ್ಲದೆ ಹೋದರೆ, ಏನು ಮಾಡಲಿ?"

ಗುಮಾಸ್ತನ ಕೋಣೆ ಶೆಡ್ಡಿನ ಮೂಲೆಯಲ್ಲಿತ್ತು. ಬೀಗ ತುಕ್ಕು ಹಿಡಿದು ಚಿಲಕಕ್ಕೆ ಒಂದಾಗಿ ಅಂಟಿಕೊಂಡಿತ್ತು. ಬೀಗದಿಂದ ಬಾಗಿಲ ಚೌಕಟ್ಟಿಗೆ ಜೇಡ ಬಲೆ ಕಟ್ಟಿತ್ತು, ಬಲೆಯ ಮೇಲೆ ಗಾಜಿನ ಪುಡಿ ಕೂತು ಮಿನುಗುತ್ತಿತ್ತು. ಮುದುಕರು ಹೇಳಿದ್ದು ನಿಜ. ಎರಡು ವರ್ಷದಿಂದ ಈ ಬೀಗವನ್ನು ಯಾರೂ ತೆಗೆದಿಲ್ಲ ಎಂದು ಯಾವ ಕೋರ್ಟಿನಲ್ಲಾದರೂ ಪ್ರಮಾಣ ಮಾಡಿ ಹೇಳಬಹುದಿತ್ತು.

ಹಿಂದಕ್ಕೆ ಸರಿಯೋಣ ಎನ್ನಿಸಿತು. ಮಂಡಿ ಬೇರೆ ನೋಯುತ್ತಿತ್ತು. ಆದರೆ ಚಿಲ್ಲರೆ ಬುದ್ಧಿ ಬಿಡಬೇಕಲ್ಲ. ಬೀಗದ ಕಡೆ ನೋಡುವುದನ್ನು ನಿಲ್ಲಿಸಿ, ಬಾಗಿಲಿನ ಇನ್ನೊಂದು ಅಂಚಿಗೆ ಬಂದು ಕೀಲುಗಳನ್ನು ನೋಡಿದೆ. ಮೂರೂ ಕೀಲಿನಲ್ಲಿ ಎಣ್ಣೆ. ಬೆರಳಿಟ್ಟರೆ ಜಾರುವಷ್ಟು ಹಸಿ ಎಣ್ಣೆ. ಕೀಲಿನ ಕಡ್ಡಿಗಳು ಒಂದು ಎಳೆತಕ್ಕೆ ಈಚೆ ಬಂದವು. ಬಾಗಿಲು ಬೀಗದ ಕಡೆಗೆ ಜೋತು, ಒಬ್ಬರು ತೂರುವಷ್ಟು ಸಂದಿ ಬಿಟ್ಟಿತು. ಬಲೆ ಅಲುಗಲೂ ಇಲ್ಲ.

ಒಳಗೆ ಒಂದು ಮೇಜು, ಒಂದು ಕುರ್ಚಿ. ಕಂಪ್ಯೂಟರನ್ನು ಸಾಲಗಾರರು ಬೀಗ ಬೀಳುವ ಮೊದಲೇ ಹೊತ್ತುಕೊಂಡು ಹೋಗಿದ್ದರು, ಅದು ಇದ್ದ ಜಾಗ ಚೌಕವಾಗಿ ಬೆಳ್ಳಗಿತ್ತು. ಎಲ್ಲದರ ಮೇಲೂ ಬೆರಳು ದಪ್ಪ ಧೂಳು. ಕುರ್ಚಿಯ ಸೀಟು ಮಾತ್ರ ಚೊಕ್ಕಟ. ಮೇಜಿನ ಮೇಲೆ ಒಂದು ದೀಪದ ಗಾಜು, ಅದರ ಕೆಳಗೆ ಒಪ್ಪವಾಗಿ ಜೋಡಿಸಿದ ಖಾಲಿ ಕವರುಗಳು. ಪ್ರತಿಯೊಂದರ ಮೂಲೆಯಲ್ಲೂ ಪೆನ್ಸಿಲಿನಿಂದ ಬರೆದ ತಾರೀಖು, ತೆರಿಗೆಯ ಮೊತ್ತ. ಎಣಿಸಿದೆ, ಇಪ್ಪತ್ತಮೂರು ಇದ್ದವು.

ತಿಂಗಳಿಗೊಮ್ಮೆ ಯಾರೋ ಈ ಕತ್ತಲ ಗೂಡಿಗೆ ಬಂದು, ಈ ಕುರ್ಚಿಯಲ್ಲಿ ಕೂತು, ದುಡ್ಡು ಎಣಿಸಿ, ತಾರೀಖು ಬರೆದು, ಕವರನ್ನು ಜೋಡಿಸಿಟ್ಟು ಹೋಗುತ್ತಿದ್ದರು. ಆ ಕುರ್ಚಿಯನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ.

ಮೊತ್ತಗಳನ್ನು ಓದಿಕೊಂಡೆ. ಒಂದು ತಿಂಗಳು ಸಾವಿರದ ಇಪ್ಪತ್ತು. ಇನ್ನೊಂದು ತಿಂಗಳು ಒಂಬೈನೂರ ಹದಿನೆಂಟು. ಮತ್ತೊಂದರಲ್ಲಿ ಸಾವಿರದ ನೂರ ಇಪ್ಪತ್ತೆರಡು. ಪಟ್ಟಿಯಲ್ಲೂ ಇವೇ ಇದ್ದವು, ವಾರದಿಂದ ನನ್ನ ತಲೆ ತಿನ್ನುತ್ತಿದ್ದವು. ಸುಳ್ಳು ಲೆಕ್ಕ ಬರೆಯುವವರು ಸಾಮಾನ್ಯವಾಗಿ ಸಾವಿರ, ಒಂಬೈನೂರು ಎಂದು ದುಂಡಗೆ ಬರೆಯುತ್ತಾರೆ, ಇಲ್ಲವೇ ಬಾಯಿಗೆ ಬಂದದ್ದನ್ನು ಬರೆಯುತ್ತಾರೆ. ಇವು ಎರಡೂ ಅಲ್ಲ. ಅಲ್ಲೇ ಗೋಡೆಗೆ ಕಾಗದ ಒತ್ತಿ ಭಾಗಿಸಿ ನೋಡಿದೆ. ಇಪ್ಪತ್ತಮೂರಕ್ಕೆ ಇಪ್ಪತ್ತಮೂರೂ ನೂರೆರಡರಿಂದ ಭಾಗವಾದವು, ಚೂರೂ ಉಳಿಯಲಿಲ್ಲ.

ನೂರೆರಡು. ಡಬ್ಬದ ವ್ಯಾಪಾರದಲ್ಲಿ ನೂರೆರಡು ಎಲ್ಲಿಂದ ಬಂತು ಎಂದು ಹೊರಗೆ ಬಂದು ಇಬ್ಬರನ್ನೂ ಕೇಳಿದೆ. ಡಬ್ಬದಕ್ಕ ನೆಲ ನೋಡುತ್ತಾ ತನಗೆ ತಿಳಿಯದು ಎಂದಳು. ಯಜಮಾನರು ನಕ್ಕರು, ಆವತ್ತು ಅವರು ನಕ್ಕದ್ದು ಅದೊಂದೇ ಸಲ.

"ಅದು ಕೊಸರು ಮೇಡಂ. ಸಾಗಿಸೋವಾಗ ಒಂದೆರಡು ಜಜ್ಜಿ ಹೋಗುತ್ತೆ ಅಂತ ಈಯಮ್ಮ ನೂರಕ್ಕೆ ಎರಡು ಡಬ್ಬ ಬಿಟ್ಟಿ ಕೊಡ್ತಿದ್ದಳು. ಬಿಲ್ಲಲ್ಲಿ ನೂರೇ ಇರುತ್ತೆ. ನಮ್ಮ ಗುಮಾಸ್ತ ಮಾತ್ರ ನೂರೆರಡಕ್ಕೂ ಬೆಲೆ ಕಟ್ಟಿ, ಅಷ್ಟಕ್ಕೂ ತೆರಿಗೆ ಮುರೀತಿದ್ದ. ಎಷ್ಟು ಬೈದರೂ ಕೇಳಲಿಲ್ಲ. ಅಕ್ಕ ಕೊಟ್ಟಿದ್ದನ್ನ ಬಿಟ್ಟಿ ಅಂತ ಬರೆಯೋಕೆ ಕೈ ಬರಲ್ಲ ಅಂತಿದ್ದ."

ಊರಲ್ಲಿ ಸಾವಿರ ಗುಮಾಸ್ತರಿರಬಹುದು. ಕೊಸರಿಗೆ ತೆರಿಗೆ ಕಟ್ಟುವ ಗುಮಾಸ್ತ ಒಬ್ಬನೇ. ಇಲ್ಲದ ಡಬ್ಬಗಳ ಸುಳ್ಳು ಖರೀದಿಯಲ್ಲೂ ಅಕ್ಕನ ಕೊಸರನ್ನು ಬಿಡಲಾಗದವನು.

ಡಬ್ಬದಕ್ಕನ ಹೆಗಲ ಮೇಲೆ ಕೈಯಿಟ್ಟೆ. ನಿನ್ನ ತಮ್ಮ ಬದುಕಿದ್ದಾನೆ ಕಣಮ್ಮ, ದೆವ್ವಗಳು ಭಾಗಾಕಾರ ಮಾಡುವುದಿಲ್ಲ ಎಂದೆ. ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ನನಗೂ ಕಣ್ಣು ತುಂಬಿ ಬಂತು. ಯಜಮಾನರು ಅಷ್ಟರಲ್ಲಿ ಮತ್ತೆ ಕುಲುಮೆಯ ಎದುರು ಹೋಗಿ ಕೂತು, ಮುಖಕ್ಕೆ ಕೈ ಅಡ್ಡ ಹಿಡಿದಿದ್ದರು.

ಸಂಜೆ ಐದೂವರೆಗೆ ನಾವು ಡಬ್ಬದಕ್ಕನ ಶೆಡ್ಡಿಗೆ ಬಂದೆವು. ಕೆಲಸದವರು ಮನೆಗೆ ಹೊರಟಾಗಿತ್ತು. ರಟ್ಟು ಕತ್ತರಿಸುವ ಯಂತ್ರದ ಕೆಳಗೆ ಪಟ್ಟಿ ಪಟ್ಟಿಯಾದ ತುಂಡುಗಳ ರಾಶಿ, ಗೋಡೆಗೆ ಒರಗಿಸಿದ ಮಡಿಸದ ಡಬ್ಬಗಳು, ಹಸಿ ಅಂಟಿನ ವಾಸನೆ. ಹಿಂದುಗಡೆ ಅವಳ ಆಫೀಸು ಎನ್ನಬಹುದಾದ ಒಳಕೋಣೆ, ಅದಕ್ಕೆ ಬಾಗಿಲು, ಬಾಗಿಲಿಗೆ ಪರದೆ.

ನಾಳೆಯ ಉತ್ತರ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಖಾಲಿ ಡಬ್ಬ, ವಿಮೆ, ಕವರು, ಕೊಸರು. ನಾಲ್ಕನ್ನೂ ಮುಂದಿಟ್ಟರೆ ಡಬ್ಬದಕ್ಕನ ಶೆಡ್ಡಿನ ತಂಟೆಗೆ ಯಾರೂ ಬರುವುದಿಲ್ಲ. ಯಾಕೆಂದರೆ ಬರೆದ ಕೈ ಯಾರದೆಂದು ಕೊಸರೇ ಹೇಳುತ್ತದೆ. ಪೊಲೀಸರು ತಮ್ಮನನ್ನು ಹುಡುಕುತ್ತಾರೆ, ಜೈಲು ತಪ್ಪಿದ್ದಲ್ಲ. ಇದನ್ನು ಅವಳಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ.

ಕೊಸರಿನ ಮಾತು ಬಿಟ್ಟು ಉಳಿದದ್ದನ್ನು ಮಾತ್ರ ಹೇಳಲು ಆಗುವುದಿಲ್ಲವೇ ಎಂದು ಕೇಳಿದಳು. ಆಗುವುದಿಲ್ಲ ಎಂದೆ. ಕೊಸರಿಲ್ಲದಿದ್ದರೆ ನೀನೂ ಯಜಮಾನರೂ ಸೇರಿ ಮಾಡಿದ್ದು ಎನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಅದನ್ನೇ ಕೇಳಿದಳು. ನಾನು ಇನ್ನೊಮ್ಮೆ ಅದನ್ನೇ ಹೇಳಿದೆ, ಈ ಸಲ ಸ್ವಲ್ಪ ರೇಗಿ. ಆಗ ಅವಳು ಕಣ್ಣೊರೆಸಿಕೊಂಡು, ಆಯಿತು ಮೇಡಂ, ನೀವು ಹೇಗೆ ಹೇಳಿದರೆ ಹಾಗೆ ಎಂದಳು.

ಅವಳ ಪರವಾಗಿ ನಾನು ಮಾತಾಡಬೇಕಾದರೆ ಅಧಿಕಾರಪತ್ರ ಬೇಕು. ಮೇಜಿನ ಮೇಲೆ ರಟ್ಟಿನ ಚೂರುಗಳನ್ನು ಸರಿಸಿ ಬರೆದೆವು. ಅವಳ ಸಹಿ, ಅವಳ ತೆರಿಗೆ ನಂಬರು, ನನ್ನ ಸಹಿ, ನನ್ನ ತೆರಿಗೆ ನಂಬರು. ಒಂದು ಪ್ರತಿ ತೆಗೆದು, ಜೊತೆಗೆ ಚಹಾನೂ ಮಾಡಿ ತರುತ್ತೇನೆ ಎಂದು ಕಾಗದ ಹಿಡಿದು ಒಳಕೋಣೆಗೆ ಹೋದಳು. ಪ್ರತಿ ತೆಗೆಯುವ ಯಂತ್ರ ಗುರುಗುಟ್ಟಿತು. ಆಮೇಲೆ ಕೀಬೋರ್ಡಿನ ಟಕಟಕ.

ನಾನು ಸುಮ್ಮನೆ ಕೂರುವ ಬದಲು ನಾಳೆಗೆಂದು ಆ ಇಪ್ಪತ್ತಮೂರು ಸಾಲುಗಳನ್ನು ಕಾಗದಕ್ಕೆ ಇಳಿಸಿಕೊಳ್ಳೋಣ ಎಂದು ಅವಳು ಮೊದಲೇ ಕೊಟ್ಟಿದ್ದ ಪಾಸ್‌ವರ್ಡ್ ಹಾಕಿ ಫೋನಿನಲ್ಲಿ ಅವಳ ಪಟ್ಟಿ ತೆರೆದೆ. ಮೊದಲಿನ ಸಾಲುಗಳನ್ನು ಬರೆದು, ಕೊನೆಗೆ ಬಂದು ಎಣಿಸಿದರೆ ಹತ್ತೊಂಬತ್ತೇ ಇದ್ದವು.

ಕನ್ನಡಕ ಒರೆಸಿಕೊಂಡು ಮತ್ತೆ ತೆರೆದೆ. ಹದಿನಾರು.

ಸಾಲುಗಳು ಮೇಲಿನಿಂದ ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ತೆರೆದಾಗಲೆಲ್ಲ ಎರಡು ಮೂರು ಕಡಿಮೆ. ಸದ್ದಿಲ್ಲ, ಸುದ್ದಿಯಿಲ್ಲ, ಯಾರೋ ಒಳಗಿನಿಂದ ಎತ್ತಿಕೊಂಡು ಹೋಗುತ್ತಿರುವ ಹಾಗೆ.

ಭಯ ಇಳಿದ ಮೇಲೆ ಬುದ್ಧಿ ಕೆಲಸ ಮಾಡಿತು. ಇದು ತಿದ್ದುಪಡಿ. ಮಾರಿದವರ ನಂಬರನ್ನು ತಪ್ಪು ಬರೆದಿದ್ದೆವು ಎಂದು ಕೊಂಡವರು ಅರ್ಜಿ ಹಾಕಿ ಬೇರೆ ನಂಬರು ಕೊಟ್ಟರೆ, ಆ ಸಾಲು ಇಲ್ಲಿ ಅಳಿಯುತ್ತದೆ. ನಮ್ಮ ಇಲಾಖೆಯಲ್ಲಿ ನಿಂತ ಕಾಲಲ್ಲಿ ಆಗುವ ಕೆಲಸ ಅದೊಂದೇ. ಅಂದರೆ ಆ ತಮ್ಮ ಈಗ, ಈ ಗಳಿಗೆಯಲ್ಲಿ, ಎಲ್ಲೋ ಕೂತು ಅಕ್ಕನ ಹೆಸರನ್ನು ತೊಳೆಯುತ್ತಿದ್ದಾನೆ. ನನಗೆ ಖುಷಿಯೇ ಆಯಿತು. ಡಬ್ಬದಕ್ಕ ಪಾರಾದಳು, ನಾಳೆ ಬಾಯಿ ಬಿಡುವ ಅಗತ್ಯವೂ ಇಲ್ಲ ಎಂದುಕೊಂಡು ಅವಳನ್ನು ಕೂಗಲು ಹೊರಟೆ.

ಎರಡು ಹೆಜ್ಜೆ ಇಟ್ಟು ನಿಂತೆ. ಇಲ್ಲಿ ಅಳಿದ ಸಾಲು ಇನ್ನೊಬ್ಬರ ಪಟ್ಟಿಯಲ್ಲಿ ಮೂಡಲೇಬೇಕು. ಎರಡು ಕೋಟಿಯ ವ್ಯಾಪಾರ ಗಾಳಿಗೆ ಹೋಗುವುದಿಲ್ಲ, ಯಾರಾದರೂ ಹೊರಲೇಬೇಕು.

ನನ್ನ ಸ್ವಂತ ಪಟ್ಟಿಯನ್ನು ನಾನು ವರ್ಷಕ್ಕೊಮ್ಮೆ ನೋಡುವವಳು. ಪಿಂಚಣಿಯ ನಾಲ್ಕು ಸಾಲು ಬಿಟ್ಟರೆ ಅಲ್ಲಿ ಏನೂ ಇರುವುದಿಲ್ಲ. ಎರಡು ಸಲ ತಪ್ಪು ಒತ್ತಿ, ಮೂರನೇ ಸಲಕ್ಕೆ ತೆರೆಯಿತು. ಗಾಜಿನ ಕಾರ್ಖಾನೆ ನನ್ನಿಂದ ಸರಕು ಕೊಂಡಿತ್ತು. ಎರಡು ವರ್ಷ ಹಿಂದಿನ ತಾರೀಖಿನಿಂದ ಹಿಡಿದು, ಸಾವಿರದ ಇಪ್ಪತ್ತು, ಒಂಬೈನೂರ ಹದಿನೆಂಟು, ಸಾವಿರದ ನೂರ ಇಪ್ಪತ್ತೆರಡು.

ನನ್ನ ನಂಬರನ್ನು ನಾನು ಕೈಯಾರೆ ಬರೆದುಕೊಟ್ಟದ್ದು ಒಂದೇ ಕಾಗದದಲ್ಲಿ, ಅದೂ ಅರ್ಧ ಗಂಟೆಯ ಹಿಂದೆ.

ಪರದೆ ಸರಿಯಿತು. ಡಬ್ಬದಕ್ಕ ಎರಡೂ ಕೈಯಲ್ಲಿ ಚಹಾದ ಲೋಟ ಹಿಡಿದು ಬಂದಳು. ನನ್ನ ಮುಖ ನೋಡಿದಳು, ಫೋನು ನೋಡಿದಳು. ಏನಾಯಿತು ಎಂದು ಕೇಳಲಿಲ್ಲ.

"ನಿಮ್ಮ ಮನೆ ಬಾಗಿಲಿಗೆ ಬಂದಾಗ ಇದು ನನ್ನ ಮನಸ್ಸಲ್ಲಿ ಇರಲಿಲ್ಲ ಮೇಡಂ, ನನ್ನಾಣೆ," ಎಂದಳು. "ಶೆಡ್ಡು ಉಳಿಸಿಕೊಡಿ ಅಂತಷ್ಟೇ ಬಂದೆ. ನೀವು ಕೊಸರು ಹಿಡಿದಿರಿ. ಬಿಡಿ ಅಂತ ಎರಡು ಸಲ ಕೇಳಿದೆ, ನೀವು ಬಿಡಲಿಲ್ಲ. ನನಗೆ ಅವನನ್ನ ಬಿಟ್ಟರೆ ಯಾರಿದ್ದಾರೆ?"

ಅವಳ ಕೈಯಲ್ಲಿ ಚಹಾ ತುಳುಕುತ್ತಿತ್ತು. ಮುಖದಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ನೀವು ಈ ಕಾನೂನನ್ನ ಅರೆದು ಕುಡಿದೋರು. ಹೇಗಾದರೂ ಈಚೆ ಬರ್ತೀರ. ನಾವು ಬರಲ್ಲ."

ನನಗೆ ಬಂದ ಸಿಟ್ಟಿಗೆ ಆ ಎರಡೂ ಲೋಟವನ್ನು ಕಿತ್ತು ಗೋಡೆಗೆ ಎಸೆಯಬೇಕು ಅನ್ನಿಸಿತು. ವಾರದಿಂದ ಊಟ ನಿದ್ದೆ ಬಿಟ್ಟು ಇವಳಿಗಾಗಿ ಅಲೆದಿದ್ದೆ, ಇವತ್ತು ಇವಳ ಜೊತೆ ಕೂತು ಅತ್ತಿದ್ದೆ. ನಾಳೆ ಹನ್ನೊಂದಕ್ಕೆ ಆ ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲಬೇಕಾದವಳು ನಾನು. ಇಪ್ಪತ್ತೆಂಟು ವರ್ಷದ ಹೆಸರು, ಪಿಂಚಣಿ, ಇರುವ ಒಂದು ಮನೆ, ಎಲ್ಲವೂ ಒಂದು ಲೋಟ ಚಹಾ ಆಗುವ ಹೊತ್ತಿನಲ್ಲಿ ಹೋಗಿತ್ತು. ಬೈಯಲು ಬಾಯಿ ತೆರೆದೆ.

ಡಬ್ಬದಕ್ಕ ನನ್ನ ಎದುರಿಗೇ ನಿಂತಿದ್ದಳು. ಪರದೆಯ ಹಿಂದೆ ಕೀಬೋರ್ಡಿನ ಟಕಟಕ ಮಾತ್ರ ನಿಂತಿರಲಿಲ್ಲ.

ನಾವಿಬ್ಬರೂ ಅದನ್ನು ಕೇಳುತ್ತಾ ನಿಂತೆವು. ಕೈಯಲ್ಲಿದ್ದ ಫೋನಿನಲ್ಲಿ ನನ್ನ ಪಟ್ಟಿಗೆ ಇಪ್ಪತ್ತಮೂರನೆಯ ಸಾಲು ಬಂತು. ಸದ್ದು ನಿಂತಿತು. ಒಳಗೆ ಯಾರೋ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದರು.